ಕಣ್ಣಿಗೆ ಹೂವಿನ ನೀರು

೧೨ ಜೂನ್ ೧೯೯೪

ಮರಿ,

ನೀನು ಕಳಿಸಿದ ಪೆಟ್ಟಿಗೆ ಬಂತು. ಅಂಚೆಯವನು ಬಾಗಿಲಲ್ಲೇ ನಿಂತು ಮೂಸಿ ಮೂಸಿ, "ಏನಮ್ಮ, ಇಡೀ ತೋಟಾನೇ ಪಾರ್ಸೆಲ್ ಮಾಡಿಸಿಕೊಂಡಿದ್ದೀರಾ?" ಅಂದ. ಪುದೀನ ಎಣ್ಣೆಯ ಮುಚ್ಚಳ ಸಡಿಲವಾಗಿ ಅರ್ಧ ಚೆಲ್ಲಿಹೋಗಿತ್ತು, ಮಿಕ್ಕಿದ್ದೆಲ್ಲ ಸುಸೂತ್ರ. ಲವಂಗದ ಎಣ್ಣೆ ಅವತ್ತೇ ಕೆಲಸಕ್ಕೆ ಬಂತು. ದವಡೆ ಹಲ್ಲು ನನ್ನ ಜೀವ ತಿಂತಾ ಇತ್ತು. ಹತ್ತಿಯಲ್ಲಿ ಅದ್ದಿ ಇಟ್ಟುಕೊಂಡೆ ನೋಡು, ನಾಲಿಗೆ ಸಮೇತ ಅರ್ಧ ಬಾಯಿ ಮರಗಟ್ಟಿತು. ಹೋಟೆಲಿನಲ್ಲಿ ಮೇಲ್ವಿಚಾರಕಿ ದಿಂಬಿನ ಚೀಲಕ್ಕೆ ಇಸ್ತ್ರಿ ಸರಿಯಾಗಿಲ್ಲ ಅಂತ ಬೈದಾಗ ವಾಪಸ್ ಬೈಯೋಕೂ ಆಗಲಿಲ್ಲ.

ಈಗ ನೀನು ಕಾಯ್ತಿರೋ ವಿಷಯ. ಹೂವಿನ ನೀರನ್ನ ನಿಮ್ಮಣ್ಣನ ಕಣ್ಣಿಗೆ ಬೆಳಿಗ್ಗೆ ಸಂಜೆ ಹಾಕ್ತಿದ್ದೀನಿ. ಮೊದಲು ಮುಖ ಸಿಂಡರಿಸಿದರು, ಆಮೇಲೆ ಸುಮ್ಮನಾದರು. ಕಳೆದ ವಾರ ಕಣ್ಣಾಸ್ಪತ್ರೆಗೆ ಹೋಗಿದ್ವಿ. ಕಣ್ಣೊಳಗಿನ ಒತ್ತಡ ಚೆನ್ನಾಗಿ ಇಳಿದಿದೆ, ಉಳಿದಿರೋ ದೃಷ್ಟಿ ಹಾಗೇ ನಿಂತಿದೆ ಅಂದರು ಡಾಕ್ಟರು. ಅವರು ಕೊಟ್ಟ ಡ್ರಾಪ್ಸು ಉರಿಯುತ್ತೆ ಅಂತ ಇವರು ಅದನ್ನ ಮುಟ್ಟೋದೇ ಕಡಿಮೆ, ಕಪಾಟಿನಲ್ಲಿ ಬಿದ್ದಿದೆ. ಅಂದಮೇಲೆ ಯಾವುದರಿಂದ ಇಳಿಯಿತು ಅಂತ ನೀನೇ ಲೆಕ್ಕ ಹಾಕು.

ಬ್ರೆಡ್ ಫ್ಯಾಕ್ಟರಿಯವರು ಇವರಿಗೆ ಮತ್ತೆ ವ್ಯಾನು ಓಡಿಸೋಕೆ ಕೊಡಲ್ಲವಂತೆ. ಗೇಟಿನಲ್ಲಿ ಟ್ರೇ ಎಣಿಸೋ ಕೆಲಸ. ಗೊಣಗಿಕೊಂಡೇ ಹೋಗ್ತಾರೆ. ನೀನು ಆ ಬೆಟ್ಟದ ಎಣ್ಣೆ ಕಾರ್ಖಾನೆ ಸೇರಿದ ಮೇಲೆ ನಿನ್ನ ಮಾತೇ ಎತ್ತದವರು ಮೊನ್ನೆ "ಅವನು ಹೇಗಿದ್ದಾನಂತೆ?" ಅಂದರು. ಅಷ್ಟೇ ಅಂದಿದ್ದು. ಆದರೂ ನಿನಗೆ ಹೇಳಬೇಕು ಅನ್ನಿಸಿತು.

ನಿನ್ನ ಅತ್ತಿಗೆ


೩ ಜುಲೈ ೧೯೯೪

ಅತ್ತಿಗೆ,

ನಿಮ್ಮ ಪತ್ರವನ್ನ ಬಾಯ್ಲರ್ ಮುಂದೆ ನಿಂತೇ ಓದಿದೆ. ಹೂವಿನ ಮೂಟೆ ತೂಗೋ ತೂಕದ ಮನೆಯವನು ಬಂದು "ಯಾರಾದರೂ ಹೋದರಾ?" ಅಂತ ಕೇಳಿದ, ಹಾಗಿತ್ತಂತೆ ನನ್ನ ಮುಖ. ಇಲ್ಲಪ್ಪ, ಯಾರೋ ಬದುಕಿದರು ಅಂದೆ.

ನಿಮಗೆ ಗೊತ್ತಿಲ್ಲದ್ದೇನಲ್ಲ. ಅಮ್ಮನಿಗೂ ಇದೇ ಕಣ್ಣೊತ್ತಡದ ಕಾಯಿಲೆ, ಅಮ್ಮನ ಕಣ್ಣಿಗೆ ನಾನು ಮನೆಯಲ್ಲೇ ಇಳಿಸಿ ಹಾಕಿದ್ದೂ ಇದೇ ನೀರು. ಆಸ್ಪತ್ರೆ ಬೇಡ, ನಾನಿದ್ದೀನಿ ಅಂದಿದ್ದೆ. ಅಮ್ಮ ಹೋದ ದಿನ ಅಣ್ಣ ಎಲ್ಲರ ಎದುರಿಗೆ "ಅವಳ ಕಣ್ಣು ಕಿತ್ತವನು ಇವನೇ" ಅಂದ. ಅದಕ್ಕೇ ಇಷ್ಟು ದೂರ ಬಂದೆ. ಹಗಲೆಲ್ಲ ದುಡಿದು ಮಲಗಿದರೂ ಆ ಮಾತು ಎದೆ ಮೇಲೆ ಬಂದು ಕೂರ್ತಿತ್ತು. ಈಗ ಹೇಳಿ, ಅದೇ ನೀರು ಅಣ್ಣನ ಕಣ್ಣು ನಿಲ್ಲಿಸಿದೆ ಅಂದರೆ ಅಮ್ಮನ ಕಣ್ಣು ಹೋಗಿದ್ದು ನನ್ನಿಂದ ಅಲ್ಲ ತಾನೇ? ಅಮ್ಮನಿಗೆ ತಡವಾಗಿ ಶುರು ಮಾಡಿದೆ, ಅಷ್ಟೇ. ತಪ್ಪು ನೀರಿನದಲ್ಲ.

ಇಲ್ಲಿ ಯಾರೂ ಈ ನೀರಿಗೆ ಬೆಲೆ ಕೊಡಲ್ಲ. ಹೂವು ತುಂಬಿದ ಹಂಡೆಗೆ ಕೆಳಗಿನಿಂದ ಹಬೆ ಬಿಡ್ತೀವಿ. ಹಬೆ ತಾಮ್ರದ ಕೊಳವೆಯಲ್ಲಿ ತಣ್ಣಗಾಗಿ ಇಳಿಯುತ್ತೆ. ಎಣ್ಣೆ ಮೇಲೆ ತೇಲುತ್ತೆ, ಅದು ಮಾಲೀಕರದು. ಕೆಳಗೆ ಉಳಿಯೋ ನೀರನ್ನ ಚರಂಡಿಗೆ ಬಿಡ್ತಾರೆ. ನಾನು ಅದನ್ನ ಹಿಡಿದು, ಬಟ್ಟೆಯಲ್ಲಿ ಸೋಸಿ, ಕುದಿಸಿದ ಬಾಟಲಿಗೆ ತುಂಬಿಸ್ತೀನಿ. ತಲೆಕೆಟ್ಟವನು ಅಂತ ನಗ್ತಾರೆ. ನಗಲಿ.

ನಿಮಗೆ ಒಂದು ವಿಷಯ ಹೇಳೋಣವೋ ಬೇಡವೋ ಅಂತ ಒದ್ದಾಡ್ತಿದ್ದೆ. ಈಗ ಬೇಕಾಗಿಲ್ಲ. ನಿಮ್ಮ ಪತ್ರವೇ ದಾರಿ ತೋರಿಸಿತು.

ಅಣ್ಣನಿಗೆ ಒಂದು ಹೊತ್ತೂ ತಪ್ಪಿಸಬೇಡಿ. ಇನ್ನೂ ಬಾಟಲಿಗಳು ಬರ್ತವೆ.

ಮೈದುನ


೨೦ ಸೆಪ್ಟೆಂಬರ್ ೧೯೯೪

ಮರಿ,

ಏನೋ ಹೇಳೋಕೆ ಹೋಗಿ ನುಂಗಿಕೊಂಡಿದ್ದೀಯ. ನನಗೆ ಗೊತ್ತಾಗಲ್ಲ ಅಂದುಕೊಂಡ್ಯಾ? ಹುಡುಗಿ ವಿಷಯ. ಹೂವು ಕೀಳೋಕೆ ಬರೋಳಾ, ಇಲ್ಲ ಬಾಟಲಿಗೆ ಚೀಟಿ ಅಂಟಿಸೋಳಾ? ಈ ವಯಸ್ಸಿಗೆ ನಾಚಿಕೆ ಎಲ್ಲಿಂದ ತಂದೆ ಮಾರಾಯ. ಮದುವೆಗೆ ನಾವು ಬರ್ತೀವಿ, ನಿಮ್ಮಣ್ಣನನ್ನ ಕಿವಿ ಹಿಡಿದಾದರೂ ಕರ್ಕೊಂಡು ಬರ್ತೀನಿ.

ಇವರು ಈಗ ಕಿಟಕಿ ಪಕ್ಕ ಕೂತು ಪೇಪರ್ ಓದ್ತಾರೆ. ಸಣ್ಣ ಅಕ್ಷರವನ್ನೂ ಬಿಡಲ್ಲ. ಓದಿ ಓದಿ ಊರಲ್ಲಿರೋ ಎಲ್ಲರ ಮೇಲೂ ಸಿಟ್ಟು ಮಾಡ್ಕೊಳ್ತಾರೆ, ನನಗೆ ಅದೊಂದು ಹೊಸ ಕಷ್ಟ. ಎಲ್ಲ ನಿನ್ನ ನೀರಿನ ಮಹಿಮೆ. ಮೂರನೇ ಬಾಟಲಿ ಮುಗೀತಾ ಬಂತು.

ಅತ್ತಿಗೆ


೨೮ ಜುಲೈ ೧೯೯೫

ಅತ್ತಿಗೆ,

ಪತ್ರ ತಡವಾಯ್ತು, ಬೈಯಬೇಡಿ. ಎಡಗೈ ಸುಟ್ಟುಕೊಂಡಿದ್ದೆ. ಹಬೆ ಕೊಳವೆ ಪಕ್ಕದಲ್ಲೇ ಇದೆ, ಇಷ್ಟು ವರ್ಷ ಅಲ್ಲೇ ಇತ್ತು, ಅವತ್ತು ಮಾತ್ರ ಅದು ನನ್ನ ಗಮನಕ್ಕೇ ಬರಲಿಲ್ಲ. ಲ್ಯಾವೆಂಡರ್ ಎಣ್ಣೆ ಹಚ್ಚಿದೆ, ಕಲೆ ಉಳಿದಿದೆ, ಉರಿ ಹೋಗಿದೆ. ಅದಕ್ಕಿಂತ ಮುಂಚೆ ಬಾಗಿಲ ಚೌಕಟ್ಟಿಗೆ ಭುಜ ಹೊಡೆಸಿಕೊಂಡೆ. ವಯಸ್ಸಾಯ್ತು ಅತ್ತಿಗೆ, ಮೈಮೇಲೆ ಎಚ್ಚರ ಕಡಿಮೆ.

ಹುಡುಗಿ ಇದ್ದಾಳೆ ಅಂತಲೇ ಇಟ್ಟುಕೊಳ್ಳಿ. ಹೂವು ಕೀಳೋಳು. ಮಾತು ಕಡಿಮೆ, ಊಟ ಜಾಸ್ತಿ. ಮುಂದಿನ ಸಲ ಇನ್ನೂ ಬಣ್ಣ ಹಚ್ಚಿ ಬರೀತೀನಿ.

ಈ ಸಲದ ನೀರು ಮುಂಚಿಗಿಂತ ಗಟ್ಟಿಯಾಗಿ ಇಳಿಸಿದ್ದೀನಿ. ಅಣ್ಣನಿಗೆ ದಿನಕ್ಕೆ ಮೂರು ಸಲ ಹಾಕಿ. ಅವನ ಕಣ್ಣು ಹೇಗಿದೆ ಅಂತ ವಿವರವಾಗಿ ಬರೀರಿ. ಪಕ್ಕದಿಂದ ಬರೋ ಜನ ಕಾಣ್ತಾರಾ? ಮೆಟ್ಟಿಲು ಇಳಿಯುವಾಗ ತಡವರಿಸ್ತಾನಾ? ಶುರುವಿನಲ್ಲಿ ಒಂದಷ್ಟು ದಿನ ಹೆಚ್ಚು ಮಸುಕಾಗಿ ಆಮೇಲೆ ತಿಳಿಯಾಯ್ತಾ? ಇದನ್ನ ಮರೀದೆ ಬರೀರಿ.

ಮೈದುನ


೧೭ ಆಗಸ್ಟ್ ೧೯೯೫

ಮರಿ,

ಈ ಪತ್ರ ನಿನಗೆ ಹಿಡಿಸಲ್ಲ. ಆದರೂ ದೊಡ್ಡವಳಾಗಿ ಹೇಳಬೇಕಾದ್ದು ಹೇಳ್ತೀನಿ.

ನಿನ್ನ ಅಕ್ಷರ ನೋಡಿದೆ. ಸಾಲು ಶುರುವಾಗೋದು ನೆಟ್ಟಗೆ, ಮಧ್ಯಕ್ಕೆ ಬರುವಾಗ ಇಳಿಜಾರು, ಕೊನೆಗೆ ಕೆಳಗಿನ ಸಾಲಿನ ಮೇಲೆ ಹತ್ತಿ ಕೂತಿದೆ. ಎರಡು ಕಡೆ ಓದೋಕೇ ಆಗಲಿಲ್ಲ. ಕೈ ಸುಟ್ಟುಕೊಳ್ಳೋದು, ಬಾಗಿಲಿಗೆ ಗುದ್ದಿಕೊಳ್ಳೋದು, ತಿಂಗಳುಗಟ್ಟಲೆ ಸುಳಿವೇ ಇಲ್ಲದಿರೋದು. ನಾನು ಹೋಟೆಲಿನಲ್ಲಿ ಕೆಲಸ ಮಾಡೋಳು ಕಣೋ, ಕುಡಿದವರ ಸಹಿ ರಿಜಿಸ್ಟರಿನಲ್ಲಿ ದಿನಾ ನೋಡ್ತೀನಿ. ಒಂಟಿ ಜೀವ, ಚಳಿ ಜಾಗ, ಶುರುವಾಗಿಬಿಡುತ್ತೆ. ನಿಮ್ಮಪ್ಪ ಹೇಗೆ ಹೋದರು ಅಂತ ನಿನಗೆ ನಾನು ನೆನಪಿಸಬೇಕಾ?

ನಿಮ್ಮಣ್ಣನಿಗೆ ಈ ಪತ್ರ ತೋರಿಸಿಲ್ಲ. ತೋರಿಸಿದರೆ ಮತ್ತೆ ಮೊದಲಿನ ಹಾಗೆ ಆಗ್ತಾರೆ. ಅವರ ಕಣ್ಣು ಚೆನ್ನಾಗಿದೆ, ಮೆಟ್ಟಿಲು ಸರಿಯಾಗಿ ಇಳೀತಾರೆ. ಶುರುವಿನಲ್ಲಿ ಮಸುಕಾಯ್ತಾ ಅಂದ್ಯಲ್ಲ, ಹೂಂ, ಸ್ವಲ್ಪ ಆಗಿತ್ತು, ಆಮೇಲೆ ಸರಿಹೋಯ್ತು. ನಮ್ಮ ಚಿಂತೆ ಬಿಡು, ನಿನ್ನ ಮೈ ನೋಡ್ಕೋ. ನನ್ನ ಆ ದವಡೆ ಹಲ್ಲು ಕೊನೆಗೂ ಕೀಳಿಸಬೇಕಾಯ್ತು. ಒಳಗೆಲ್ಲ ಕೊಳೆತುಹೋಗಿತ್ತಂತೆ, ಎಣ್ಣೆ ನೋವನ್ನ ಮಾತ್ರ ಮುಚ್ಚಿಟ್ಟಿತ್ತು.

ಬಾಟಲಿ ಮುಟ್ಟಲ್ಲ ಅಂತ ನನಗೆ ಮಾತು ಕೊಡು.

ಅತ್ತಿಗೆ


೨೬ ಮಾರ್ಚ್ ೧೯೯೬

ಅತ್ತಿಗೆ,

ನಾನು ಕುಡಿದಿಲ್ಲ. ಅಪ್ಪ ಸತ್ತ ಮೇಲೆ ವಾಸನೆ ಕೂಡ ನೋಡಿಲ್ಲ.

ಅಣ್ಣ ಏನಂದರೂ ತಡ್ಕೊಂಡಿದ್ದೆ. ನೀವು ಅಂದಿದ್ದು ತಡ್ಕೊಳ್ಳೋಕೆ ಇಷ್ಟು ದಿನ ಬೇಕಾಯ್ತು. ಈ ಪತ್ರದ ಸಾಲುಗಳೂ ನೆಟ್ಟಗಿರಲ್ಲ. ಸಾಲಿನ ಕೆಳಗೆ ರಟ್ಟು ಇಟ್ಟುಕೊಂಡು ಬರೀತಿದ್ದೀನಿ. ನೀರು ಕಳಿಸ್ತಿದ್ದೀನಿ. ಇದು ಮುಗಿದರೆ ಸ್ವಲ್ಪ ದಿನ ಕಳಿಸೋಕಾಗಲ್ಲ, ಮಾಲೀಕರು ನನ್ನನ್ನ ಬಾಯ್ಲರ್ ಹತ್ತಿರ ಬಿಡ್ತಿಲ್ಲ.

ಮಸುಕು ಎಷ್ಟು ದಿನಕ್ಕೆ ಸರಿಹೋಯ್ತು ಅಂತ ಮಾತ್ರ ಬರೀರಿ.


೧೧ ಏಪ್ರಿಲ್ ೧೯೯೬

ಮರಿ,

ಈ ಪತ್ರ ಸಿಕ್ಕ ತಕ್ಷಣ ಕಣ್ಣಾಸ್ಪತ್ರೆಗೆ ಹೋಗು. ಮಿಕ್ಕಿದ್ದು ಆಮೇಲೆ ಓದಿದರೂ ಸರಿ. ಕಾರ್ಖಾನೆಗೆ ಫೋನು ಮಾಡಿ ಮಾಡಿ ಸಾಕಾಯ್ತು, ಮಾಲೀಕರ ಕೋಣೆಯಲ್ಲಿ ಯಾರೂ ಎತ್ತುತ್ತಿಲ್ಲ.

ನಿನ್ನ ಪತ್ರವನ್ನ ಅಡುಗೆಮನೆ ಮೇಜಿನ ಮೇಲೆ ಬಿಟ್ಟು ಕೆಲಸಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ಇವರು ಅದನ್ನ ಹಿಡಿದುಕೊಂಡು ಕೂತಿದ್ದರು. ನಾನು ಗಾಬರಿಯಲ್ಲಿ "ಕುಡಿತಾನೆ ಅಂತ ಕಾಣುತ್ತೆ, ಇಲ್ಲ ಅಂತಾನೆ" ಅಂದೆ. ಇವರು ತಲೆ ಎತ್ತಲಿಲ್ಲ. "ಇದು ಕುಡಿದವನ ಬರಹ ಅಲ್ಲ ಕಣೆ, ಕಾಣದವನ ಬರಹ. ಅಮ್ಮ ಕೊನೆಕೊನೆಗೆ ಹೀಗೇ ಬರೀತಿದ್ದಳು, ಸಾಲಿನ ಮೇಲೆ ಸಾಲು. ಇವನು ಕಣ್ಣಿಗೆ ಏನು ಹಾಕ್ಕೊಳ್ತಿದ್ದಾನೆ?" ಅಂದರು. ನಿನ್ನ ಹಳೇ ಪತ್ರಗಳೆಲ್ಲ ಆಗ ಅರ್ಥವಾದವು. ಪಕ್ಕದಿಂದ ಬರೋ ಜನ, ಮೆಟ್ಟಿಲು, ಮಸುಕು. ನೀನು ಕೇಳಿದ್ದು ನಿನ್ನ ಕಣ್ಣಿನ ಬಗ್ಗೆ.

ಈಗ ಹೇಳೋದನ್ನ ಕೇಳು. ನಿಮ್ಮಣ್ಣನ ಕಣ್ಣಿಗೆ ನಿನ್ನ ನೀರು ಒಂದು ತೊಟ್ಟೂ ಬಿದ್ದಿಲ್ಲ. ಮೊದಲ ಬಾಟಲಿಯನ್ನ ಬಂದ ದಿನವೇ ಇವರು ಸಿಂಕಿಗೆ ಸುರಿದರು. ಮಿಕ್ಕಿದ್ದನ್ನ ನಾನು ಹೋಟೆಲಿಗೆ ಒಯ್ದು ಇಸ್ತ್ರಿ ಮಾಡುವಾಗ ದಿಂಬಿನ ಚೀಲಕ್ಕೆ ಚಿಮುಕಿಸಿದೆ. ಒತ್ತಡ ಇಳಿದಿದ್ದು ನಿಜ. ಪೇಪರ್ ಓದಿದ್ದು ನಿಜ. ನಿನ್ನ ನೀರು ಹಾಕಿದೆ ಅಂದಿದ್ದು ಮಾತ್ರ ಸುಳ್ಳು. ಇವರು ಆಸ್ಪತ್ರೆ ಡ್ರಾಪ್ಸನ್ನ ಒಂದು ದಿನವೂ ಬಿಟ್ಟಿಲ್ಲ. "ಹೇಗಿದ್ದಾನಂತೆ" ಅಂತ ಕೇಳಿದರು ಅಂದೆನಲ್ಲ, ಅದೂ ಸುಳ್ಳು. ಅಣ್ಣತಮ್ಮಂದಿರ ಮಧ್ಯೆ ಒಂದು ದಾರ ಆದರೂ ಉಳೀಲಿ ಅಂತ ಬರೆದೆ. ನೀನು ಅಷ್ಟು ಸಂತೋಷಪಟ್ಟೆ. ಆಮೇಲೆ ವಾಪಸ್ ತಗೊಳ್ಳೋಕೆ ಬಾಯಿ ಬರಲಿಲ್ಲ.

ಇವರಿಗೆ ಮಸುಕಾಗಿ ಆಮೇಲೆ ಸರಿಹೋಯ್ತು ಅಂದದ್ದೂ ಸುಳ್ಳೇ, ನಿನ್ನ ಮಸುಕು ಸರಿಹೋಗಲ್ಲ ಮರಿ. ಈ ಕಾಯಿಲೆಯಲ್ಲಿ ಹೋದದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೋಬೇಕು ಅಷ್ಟೇ. ಇವತ್ತೇ ಹೋಗು. ನಿನ್ನ ಕಾಲಿಗೆ ಬೀಳ್ತೀನಿ.

ಅತ್ತಿಗೆ


೨ ಮೇ ೧೯೯೬

ಅತ್ತಿಗೆಯವರಿಗೆ,

ಇದನ್ನ ತೂಕದ ಮನೆಯವರ ಕೈಲಿ ಬರೆಸ್ತಿದ್ದೀನಿ. ನಿಮ್ಮ ಪತ್ರ ಓದಿದವರೂ ಇವರೇ. ಓದುವಾಗ ನಡುವೆ ಒಂದು ಸಲ ಎದ್ದು ಹೊರಗೆ ಹೋಗಿ ಬಂದರು, ಪಾಪ, ಇವರಿಗೇನು ಸಂಬಂಧ.

ಇನ್ನು ಮುಚ್ಚಿಟ್ಟು ಏನು ಮಾಡಲಿ. ನಿಮ್ಮ ಮೊದಲ ಪತ್ರ ಬರೋದಕ್ಕೆ ಎರಡು ತಿಂಗಳು ಮುಂಚೆ ಪೇಟೆಯ ಕಣ್ಣಾಸ್ಪತ್ರೆಯಲ್ಲಿ ನನಗೂ ಅದೇ ಕಾಯಿಲೆ ಅಂದರು. ಡ್ರಾಪ್ಸು ಕೊಟ್ಟರು, ಜೀವಮಾನವಿಡೀ ಹಾಕಬೇಕು ಅಂದರು. ಹಾಕ್ತಾನೂ ಇದ್ದೆ. ನಿಮಗೆ ಹೇಳಬೇಕು ಅಂದುಕೊಂಡಿದ್ದು ಇದೇ, ಹುಡುಗಿ ಅಲ್ಲ. ಅಣ್ಣನ ಕಣ್ಣು ನಿಂತಿತು ಅಂತ ನೀವು ಬರೆದ ದಿನ ಆ ಡ್ರಾಪ್ಸನ್ನ ಬಾಯ್ಲರಿಗೆ ಎಸೆದೆ.

ಈಗ ನೀವು ಬರೆದಿರೋದನ್ನ ನಾನು ನಂಬಲ್ಲ. ಕೋಪ ಮಾಡ್ಕೋಬೇಡಿ. ಅಣ್ಣ ಪಕ್ಕದಲ್ಲಿ ಕೂತು ಬರೆಸಿದ್ದಾನೆ, ಒಂದೊಂದು ಸಾಲಿನಲ್ಲೂ ಅವನ ದನಿ ಕೇಳುತ್ತೆ. ತನ್ನ ಕಣ್ಣು ನನ್ನಿಂದ ಉಳಿಯಿತು ಅಂತ ಒಪ್ಪಿಕೊಂಡರೆ ಅಮ್ಮನ ವಿಷಯದಲ್ಲಿ ಆಡಿದ ಮಾತನ್ನ ಅವನು ನುಂಗಬೇಕಲ್ಲ, ಅದು ಅವನಿಂದ ಆಗಲ್ಲ. ನೀವು ಬೆಳಿಗ್ಗೆ ಸಂಜೆ ಹಾಕಿದ್ದು, ಅವನು ಮುಖ ಸಿಂಡರಿಸಿದ್ದು, ಶುರುವಿನ ಮಸುಕು, ಇದನ್ನೆಲ್ಲ ಕೂತು ಕಟ್ಟೋಕೆ ನಿಮ್ಮಿಂದ ಆಗುತ್ತಾ? ಸುಳ್ಳು ಬರೆಯೋಕೆ ನಿಮಗೆ ಬರಲ್ಲ ಅತ್ತಿಗೆ. ಬರೆದರೆ ಈ ಪತ್ರದ ಹಾಗೆ ಆಗುತ್ತೆ, ಓದಿದವರಿಗೆ ಗೊತ್ತಾಗಿಬಿಡುತ್ತೆ.

ನೀರು ಹಾಕ್ತಿದ್ದೀನಿ. ನನಗೆ ಮಸುಕು ಸ್ವಲ್ಪ ಜಾಸ್ತಿ ದಿನ ಹಿಡೀತಿದೆ, ಅಷ್ಟೇ.

ಮೈದುನ

(ಬರೆದವನ ಮಾತು: ಅಮ್ಮಾ, ಇವರಿಗೆ ಓದಿ ಹೇಳದೆ ಈ ನಾಲ್ಕು ಸಾಲು ಸೇರಿಸ್ತಿದ್ದೀನಿ. ಇವರು ಗೋಡೆ ಹಿಡಿದು ನಡೀತಾರೆ. ಮೊನ್ನೆ ನಾನು ಎದುರಿಗೇ ನಿಂತಿದ್ದೆ, ಕಾಣದೆ ನನ್ನ ಹೆಸರು ಹಿಡಿದು ಕೂಗ್ತಿದ್ದರು. ನಾನು ಆಸ್ಪತ್ರೆಗೆ ಕರೆದರೆ ನೀರಿನ ಬಾಟಲಿಯನ್ನ ಅಂಗಿಯೊಳಗೆ ಇಟ್ಟುಕೊಂಡು ಕೂತುಬಿಡ್ತಾರೆ. ಯಾರ ಮಾತು ಕೇಳ್ತಾರೋ ಅವರಿಂದ ಬರೆಸಿ.)


೧೩ ಮೇ ೧೯೯೬

ತಮ್ಮಾ,

ಇದು ನಾನೇ ಬರೀತಿರೋದು. ನನ್ನ ಕೈಬರಹ ನಿನಗೆ ಕಾಣಲ್ಲವಂತೆ, ಓದೋರು ಹೇಳಲಿ. ಅಕ್ಷರ ದೊಡ್ಡದು, ಒತ್ತಿ ಬರೆದಿದ್ದು, "ಅ" ಬರೆಯುವಾಗ ಕೊಕ್ಕೆ ಉಲ್ಟಾ. ಇಸ್ಕೂಲಿನಲ್ಲಿ ಅದಕ್ಕೆ ನಾನು ಹೊಡೆತ ತಿಂದಿದ್ದು ನಿನಗೊಬ್ಬನಿಗೇ ಗೊತ್ತು.

ನಿಮ್ಮತ್ತಿಗೆಗೆ ನಾನು ಏನೂ ಹೇಳಿ ಬರೆಸಿಲ್ಲ. ಎರಡು ವರ್ಷ ಅವಳು ನಿನಗೆ ಏನು ಬರೀತಿದ್ದಳು ಅಂತಲೇ ನನಗೆ ಗೊತ್ತಿರಲಿಲ್ಲ. ಬಾಟಲಿ ಸುರಿದವನು ನಾನು. ವಾಸನೆ ಮೂಗಿಗೆ ಬಡಿದಾಗ ಅಮ್ಮನ ಕೋಣೆ ಕಣ್ಣಮುಂದೆ ಬಂತು, ಸುರಿದುಬಿಟ್ಟೆ. ಇವತ್ತು ಬಂದರೂ ಸುರೀತೀನಿ.

ಒಡಹುಟ್ಟಿದವರು ಇದ್ದರೆ ಅವರನ್ನೂ ಪರೀಕ್ಷೆ ಮಾಡಿಸಿ ಅಂತ ಡಾಕ್ಟರು ಆವಾಗಲೇ ಹೇಳಿದ್ದರು. ನನಗೆ ಯಾರೂ ಇಲ್ಲ ಅಂದಿದ್ದೆ.

ಆಸ್ಪತ್ರೆಗೆ ಹೋಗು. ರಜೆ ಕೇಳಿದ್ದೀನಿ, ಸಿಕ್ಕಿದ ತಕ್ಷಣ ಬರ್ತೀನಿ.

ಅಣ್ಣ


೩೦ ಜೂನ್ ೧೯೯೬

ಅತ್ತಿಗೆಯವರಿಗೆ,

ಇದೂ ತೂಕದ ಮನೆಯವರ ಕೈಬರಹ. ಅಣ್ಣನ ಪತ್ರವನ್ನೂ ಇವರಿಂದಲೇ ಓದಿಸಿದೆ. "ಅ" ಹೇಗಿದೆ ಅಂತ ಕೇಳಿದೆ. ಕೊಕ್ಕೆ ಉಲ್ಟಾ ಇದೆ ಅಂದರು. ಕಾಗದದ ಹಿಂಬದಿ ಸವರಿದರೆ ಒತ್ತಿ ಬರೆದದ್ದು ಬೆರಳಿಗೆ ಸಿಕ್ಕಿತು. ಸಾಕಾಯ್ತು. ಮಾರನೇ ದಿನ ತೂಕದವರ ಜೊತೆ ಬಸ್ಸು ಹತ್ತಿದೆ.

ಬಲಗಣ್ಣು ಪೂರ್ತಿ ಹೋಗಿದೆ ಅಂದರು ಡಾಕ್ಟರು. ಎಡಗಣ್ಣಿನಲ್ಲಿ ಬೀಗದ ಕಿಂಡಿಯಷ್ಟು ಉಳಿದಿದೆ, ಅದನ್ನೂ ಹಿಡಿದಿಡೋದು ಕಷ್ಟ, ಪ್ರಯತ್ನ ಪಡೋಣ ಅಂದರು. ಚಿಕ್ಕ ವಯಸ್ಸಿನ ಹೆಂಗಸು, ದನಿಯಲ್ಲಿ ಸಿಟ್ಟಿತ್ತು. "ಡ್ರಾಪ್ಸು ಯಾಕ್ರೀ ನಿಲ್ಲಿಸಿದಿರಿ? ಯಾರು ಹೇಳಿದರು ನಿಲ್ಲಿಸಿ ಅಂತ?" ಅಂದರು. ಯಾರೂ ಹೇಳಿಲ್ಲ ಅಂದೆ. ನಿಜ ತಾನೇ. ನೀವು ಅಣ್ಣನ ಕಣ್ಣಿನ ಬಗ್ಗೆ ಬರೆದಿರಿ, ನನಗೆ ನಿಲ್ಲಿಸು ಅಂತ ಎಲ್ಲಿ ಬರೆದಿರಿ?

ಡ್ರಾಪ್ಸು ಹಾಕ್ತಿದ್ದೀನಿ. ಉರಿಯುತ್ತೆ. ಮಾಲೀಕರು ಈ ಹೂವಿನ ಕಾಲ ಮುಗಿಯೋವರೆಗೂ ಬಾಟಲಿ ತೊಳೆಯೋ ಕೆಲಸಕ್ಕೆ ಇಟ್ಟುಕೊಳ್ತಾರಂತೆ. ಕಣ್ಣು ಬೇಕಾಗದ, ಕೈ ಸಾಕಾಗೋ ಕೆಲಸ. ಆಮೇಲೆ ಏನು ಅಂತ ಅವರೂ ಹೇಳಿಲ್ಲ, ನಾನೂ ಕೇಳಿಲ್ಲ.

ನಿಮ್ಮ ಮೇಲೆ ಸಿಟ್ಟು ಇದೆಯಾ ಅಂತ ನನ್ನನ್ನೇ ಕೇಳಿಕೊಂಡೆ. ಇದೆ ಅತ್ತಿಗೆ. ಆದರೆ ಸುಳ್ಳು ಬರೆದದ್ದಕ್ಕಲ್ಲ. ಆ ಸುಳ್ಳು ನಂಬಿಕೊಂಡು ಎರಡು ವರ್ಷ ಚೆನ್ನಾಗಿದ್ದೆ. ಅಮ್ಮ ಕನಸಿಗೆ ಬಂದರೆ ಎದುರಿಗೆ ಕೂತು ಮಾತಾಡ್ತಿದ್ದೆ, ಊಟ ಆಯ್ತಾ ಅಂತ ಕೇಳ್ತಿದ್ದೆ. ಮೊದಲು ಹಾಗಿರಲಿಲ್ಲ, ಅಮ್ಮ ಬಂದರೆ ಎದ್ದು ಕೂತುಬಿಡ್ತಿದ್ದೆ. ಈಗ ಮತ್ತೆ ಮೊದಲಿನ ಹಾಗೇ ಬರೋಕೆ ಶುರು ಮಾಡಿದ್ದಾಳೆ. ಅವಳ ಕಣ್ಣು ಕಿತ್ತವನು ನಾನೇ ಅಂತ ಈ ಸಲ ನನಗೆ ಅಣ್ಣ ಹೇಳಬೇಕಾಗಿಲ್ಲ. ಏನೇನಾಗುತ್ತೆ ಅಂತ ಒಂದೊಂದಾಗಿ ನನ್ನ ಮೈಮೇಲೇ ನೋಡಿದ್ದೀನಲ್ಲ. ಮೊದಲು ಪಕ್ಕದ ನೋಟ ಹೋಗುತ್ತೆ. ಆಮೇಲೆ ಮೆಟ್ಟಿಲು. ಅವಳು "ದೀಪ ಯಾಕೆ ಸಣ್ಣಗೆ ಇಟ್ಟಿದ್ದೀಯ" ಅಂತ ಕೇಳ್ತಿದ್ದಳು, ನಾನು ದೀಪ ದೊಡ್ಡದು ಮಾಡಿ ಇನ್ನೆರಡು ತೊಟ್ಟು ನೀರು ಹಾಕ್ತಿದ್ದೆ. ಉರಿಯಲ್ಲ, ತಂಪಾಗಿದೆ ಅನ್ನೋಳು. ತಂಪಾಗೇ ಇರುತ್ತೆ ಅತ್ತಿಗೆ. ಕೊನೆವರೆಗೂ ತಂಪಾಗೇ ಇರುತ್ತೆ.

ಕಣ್ಣು ಹೋದದ್ದಕ್ಕೆ ಹೇಗೋ ಹೊಂದಿಕೊಳ್ತೀನಿ, ಜನ ಹೊಂದಿಕೊಳ್ಳಲ್ವಾ. ಇದಕ್ಕೆ ಹೇಗೆ ಹೊಂದಿಕೊಳ್ಳೋದು ಅಂತ ಗೊತ್ತಾಗ್ತಿಲ್ಲ.

ನಿಮ್ಮ ಮನೆಗೆ ಬಂದು ಇರು ಅಂತ ನೀವು ಬರೀತೀರಿ, ನನಗೆ ಗೊತ್ತು. ಬರಲ್ಲ. ನೀವು ದಿನಾ ನನಗೆ ತಟ್ಟೆ ಇಡ್ತಾ ನನ್ನ ಮುಖ ನೋಡ್ತಾ ಬದುಕಬೇಕಾಗುತ್ತೆ, ಅದು ನಿಮಗೆ ಬೇಡ.

ಅಣ್ಣ ಬರ್ತೀನಿ ಅಂದಿದ್ದಾನೆ. ಬೇಡ ಅನ್ನಿ. ಬಂದು ಬೈದರೆ ತಡ್ಕೊಳ್ತೀನಿ, ಅದು ಅಭ್ಯಾಸ ಇದೆ. ಬೈಯದೆ ಸುಮ್ಮನೆ ಎದುರಿಗೆ ಕೂತುಬಿಟ್ಟರೆ? ಅವನು ಸಿಟ್ಟಿನಲ್ಲಿ ಸುಮ್ಮನಿದ್ದಾನೋ, ಅಳ್ತಿದ್ದಾನೋ, ಎದ್ದು ಹೋಗೇಬಿಟ್ಟನೋ, ನನಗೆ ಹೇಗೆ ಗೊತ್ತಾಗಬೇಕು? ನನ್ನಣ್ಣ ಏನು ಮಾಡ್ತಿದ್ದಾನೆ ನೋಡಿ ಹೇಳಿ ಅಂತ ತೂಕದವರನ್ನ ಕೇಳ್ಲಾ?

ಬರೋದು ಬೇಡ ಅನ್ನಿ.

ಮೈದುನ